ಒಳಗಿನ ಗಾಳಿಯ ಲೆಕ್ಕ

ಬಿಳಿ ಪಿಕಪ್ಪು ಸ್ಪ್ರೇಯರ್ ರಿಪೇರಿಯ ಅಂಗಡಿಯ ಮುಂದೆ ಬಂದು ನಿಂತಾಗ ನಿಕಾಸಿಯೊ ಮಾವಿನ ತೋಟದವರ ಸ್ಪ್ರೇಯರಿನ, ನೀರು ಚಿಮ್ಮುವ ನಾಜಲ್ಲೊಂದನ್ನು ಬಾಯಿಗಿಟ್ಟು ಊದುತ್ತಿದ್ದ. ಪಿಕಪ್ಪಿನ ಹಿಂದೆ ಟ್ರೇಲರಿನ ಮೇಲೆ ಬಿಗಿದು ಕಟ್ಟಿದ್ದ ಕಾರಿನ ಕಿತ್ತಳೆ ಬಣ್ಣ ಕಂಡದ್ದೇ ಬಾಯಲ್ಲಿದ್ದ ಹಿತ್ತಾಳೆಯ ರುಚಿ ಗಂಟಲಿಗೆ ಇಳಿಯಿತು. ಅದು ಹೆನಾರೊನ ಕಾರುಗಳ ಬಣ್ಣ. ಹುವಾನಾ ದಿಯಾಸ್‌ನಿಂದ ಸಲೀನಾಸ್‌ವರೆಗಿನ ದ್ವೀಪದ ದಕ್ಷಿಣ ತೀರದ ಯಾವ ರಸ್ತೆಯಲ್ಲಿ ಆ ಬಣ್ಣ ಎದುರಾದರೂ ಹದಿನೇಳು ವರ್ಷದಿಂದ ಅವನು ಮುಖ ತಿರುಗಿಸುತ್ತಿದ್ದ; ತಿರುಗಿಸಿದ್ದನ್ನು ಹೆನಾರೊ ಗಮನಿಸಿದನೋ ಇಲ್ಲವೋ ಎಂದು ಆಮೇಲೆ ಗಾಡಿಯ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಈಗ ಅದು ತಾನಾಗಿ ಬಾಗಿಲಿಗೆ ಬಂದಿತ್ತು. ಪಿಕಪ್ಪಿನ ಗಾಜು ಮೇಲಕ್ಕಿತ್ತು. ಒಳಗೆ ಡ್ರೈವರಿನ ಪಕ್ಕದ ಸೀಟಿನಲ್ಲಿ ಹೆನಾರೊ ಕುಳಿತಿದ್ದ, ನೇರ ಮುಂದಕ್ಕೆ ನೋಡುತ್ತ. ಅವನ ಬಾಯಿಯ ಬಲಗಡೆ ಕೆಳಕ್ಕೆ ಜಾರಿತ್ತು. ಹೆನಾರೊನಿಗೆ ಲಕ್ವ ಹೊಡೆಯಿತು ಎಂಬ ಸುದ್ದಿ ಬಂದ ದಿನ ನಿಕಾಸಿಯೊ ಅನ್ನ ಮತ್ತು ಬೀನ್ಸ್ ಕಾಳನ್ನು ಎರಡು ಸಲ ಬಡಿಸಿಕೊಂಡು ತಿಂದಿದ್ದ. ತಿನ್ನುವಾಗ ನಾಚಿಕೆಯಾಗಿತ್ತು, ಆದರೆ ತಟ್ಟೆ ಸರಿಸಿರಲಿಲ್ಲ.

ಇಳಿದು ಬಂದದ್ದು ಹೆನಾರೊನ ಮಗಳು, ಯಾರೆಲಿಸ್. ಏಳು ವರ್ಷದ ಹುಡುಗಿಯಾಗಿದ್ದಾಗ ಕೊನೆಯ ಸಲ ಇವನ ಮಂಡಿಯ ಮೇಲೆ ಕೂತಿದ್ದವಳು ಈಗ ಅವನಷ್ಟೇ ಎತ್ತರವಿದ್ದಳು, ಉಗುರಿನ ಸಂದಿಯಲ್ಲಿ ಗ್ರೀಸು. ಆಶೀರ್ವಾದ ಮಾಡಿ ಪದ್ರೀನೊ ಅಂದಳು. ಅವಳ ಜ್ಞಾನಸ್ನಾನದ ದಿನ ಅವಳನ್ನು ನೀರಿನ ಬಟ್ಟಲ ಮೇಲೆ ಹಿಡಿದಿದ್ದ ಧರ್ಮಪಿತ, ಪದ್ರೀನೊ, ಇವನೇ. ಅಂದಿನಿಂದ ಅವನೂ ಹೆನಾರೊನೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯದೆ, ಮಗುವಿನ ತಂದೆಯೂ ಧರ್ಮಪಿತನೂ ಕರೆದುಕೊಳ್ಳುವಂತೆ, ಕೊಂಪಾಯ್ ಎಂದೇ ಕರೆದುಕೊಂಡಿದ್ದರು, ಮಾತು ನಿಲ್ಲುವವರೆಗೆ. ಆ ದ್ವೀಪದಲ್ಲಿ ಕಿರಿಯರು ಆಶೀರ್ವಾದ ಕೇಳಿದರೆ ಉತ್ತರಿಸದೆ ಬಿಡುವವರಿಲ್ಲ. ದೇವರು ಒಳ್ಳೇದು ಮಾಡ್ಲಿ ಮಗಳೇ ಎಂದು ನಾಲಗೆ ತಾನೇ ಹೇಳಿಬಿಟ್ಟಿತು. ಹೇಳಿದ್ದಕ್ಕೆ ಅವನಿಗೆ ತನ್ನ ನಾಲಗೆಯ ಮೇಲೇ ಸಿಟ್ಟು ಬಂತು.

ಅವಳು ಸುತ್ತುಬಳಸದೆ ವಿಷಯಕ್ಕೆ ಬಂದಳು. ಭಾನುವಾರ ಸಲೀನಾಸ್‌ನ ರೇಸಿನ ನೇರ ಪಟ್ಟಿಯಲ್ಲಿ ಕಾರು ಓಡಿಸುವವಳು ಅವಳೇ. ಟರ್ಬೊವನ್ನು ಮೂವತ್ತು ಪೌಂಡು ಒತ್ತಡಕ್ಕೆ ಏರಿಸಿದ್ದಾರೆ. ಎಲ್ಲ ಆಗಿದೆ, ನೀರೊಂದು ಬಾಕಿ.

"ನೀರಿನ ವಿಷಯಕ್ಕೆ ನಿಕಾಸಿಯೊನ್ನ ಬಿಟ್ಟು ಇನ್ಯಾರ ಹತ್ರಾನೂ ಹೋಗ್ಬೇಡ ಅಂದ್ರು ಪಪ್ಪ. ಅಂದ್ರು ಅಂದ್ರೆ, ಬರೆದು ತೋರಿಸಿದ್ರು. ಎಡಗೈಲಿ. ನಿಮ್ಮ ಹೆಸರು ಬರೆಯೋಕೆ ಕಾಲು ಗಂಟೆ ಹಿಡೀತು."

ನಿಕಾಸಿಯೊ ಗಾಜಿನ ಕಡೆ ನೋಡಿದ. ಆ ಕಾಲು ಗಂಟೆಯನ್ನು ತನ್ನ ಎದುರಿಗೆ ಕಳೆಯಬೇಕಿತ್ತು ಎಂದುಕೊಂಡ. ಇಷ್ಟು ವರ್ಷ ಅವನು ಕಾದದ್ದು ಅದಕ್ಕೇ. ಹೆನಾರೊ ಒಂದು ದಿನ ಬರುತ್ತಾನೆ, ಬಂದು ಬಾಯಿಬಿಟ್ಟು ಬೇಡುತ್ತಾನೆ, ಆಗ ತಾನು ಇಂಥಿಂಥ ಮಾತು ಹೇಳಬೇಕೆಂದು ಸ್ನಾನದ ಮನೆಯಲ್ಲಿ, ಚರ್ಚಿನ ಬೆಂಚಿನ ಮೇಲೆ, ಸ್ಪ್ರೇಯರುಗಳ ಕೊಳೆ ತೊಳೆಯುವಾಗ ಒಂದೊಂದೇ ಮಾತನ್ನು ಮಸೆದು ಇಟ್ಟುಕೊಂಡಿದ್ದ. ಈಗ ಬೇಡುವವನಿಗೆ ಬಾಯೇ ಇಲ್ಲ. ಬಾಯಿಲ್ಲದವನನ್ನು ಬೈದರೆ ನೋಡಿದವರು ಬೈದವನಿಗೇ ಛೀ ಅನ್ನುತ್ತಾರೆ. ಇದನ್ನೂ ಹೆನಾರೊ ಬೇಕೆಂದೇ ಮಾಡಿಕೊಂಡಿದ್ದಾನೆ ಎಂಬಂತೆ ಅವನ ಹೊಟ್ಟೆ ಉರಿಯಿತು.

ಬಾನೆಟ್ಟು ಎತ್ತಿದಾಗ ಮಾತ್ರ ಉರಿ ಒಂದು ಕ್ಷಣ ಮರೆತುಹೋಯಿತು. ಪಿಸ್ಟನ್ನೇ ಇಲ್ಲದ ಆ ಚಿಕ್ಕ ಎಂಜಿನ್ನು, ಮೂರು ಮೂಲೆಯ ಎರಡು ರೋಟರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿತ್ತು, ಒಂದು ದೊಡ್ಡ ಅಡುಗೆಯ ಪಾತ್ರೆಯಷ್ಟು. ಇವನಿಗೂ ಹೆನಾರೊನಿಗೂ ಇಪ್ಪತ್ತಾರು ವಯಸ್ಸಾಗಿದ್ದಾಗ ಇಬ್ಬರೂ ಸೇರಿ ಇಂಥದೇ ಒಂದನ್ನು ಗುಜರಿಯಿಂದ ತಂದು ಬಿಚ್ಚಿ ಹರಡಿದ್ದರು, ಹೆನಾರೊನ ಹೆಂಡತಿ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲವೆಂದು ಕೂಗಾಡಿದ್ದಳು. ಪೆಟ್ರೋಲು, ಕಿಡಿ, ಗಾಳಿ ಹೆನಾರೊನ ಪಾಲು, ನೀರು ನಿಕಾಸಿಯೊನದು. ಟರ್ಬೊ ಗಾಳಿಯನ್ನು ಒತ್ತಿ ತುಂಬಿದಷ್ಟೂ ಒಳಗೆ ಕಾವು ಏರುತ್ತದೆ. ಕಾವು ಏರಿದರೆ ಪೆಟ್ರೋಲು ತನ್ನ ಹೊತ್ತಿಗೆ ಮೊದಲೇ ಸಿಡಿಯುತ್ತದೆ. ಬೇರೆ ಎಂಜಿನ್ನು ಅಂಥ ಹತ್ತು ಏಟು ತಡೆದುಕೊಂಡೀತು, ಇದು ಒಂದಕ್ಕೇ ಮುಗಿಯಿತು. ರೋಟರಿನ ತುದಿಯಲ್ಲಿ ಕೂತಿರುವ ಬಳಪದಷ್ಟು ತೆಳ್ಳಗಿನ ಸೀಲು ಚೂರಾಗುತ್ತದೆ. ಅದಕ್ಕೇ ಗಾಳಿಯ ದಾರಿಯಲ್ಲಿ ನೀರನ್ನು ಮಂಜಿನಂತೆ ಚಿಮ್ಮಿಸಬೇಕು. ಹೆಚ್ಚಾದರೆ ಬೆಂಕಿ ತೊಯ್ದು ಕಾರು ಮುಗ್ಗರಿಸುತ್ತದೆ. ಕಡಿಮೆಯಾದರೆ ಮೂರನೇ ಗೇರಿನವರೆಗೆ ಏನೂ ತಿಳಿಯುವುದಿಲ್ಲ. ಆ ನಡುವಿನ ಸಣ್ಣ ಜಾಗವನ್ನು ಹುಡುಕುವುದರಲ್ಲಿ ತನ್ನಂಥವನು ದ್ವೀಪದಲ್ಲೇ ಇಲ್ಲವೆಂದು ನಿಕಾಸಿಯೊ ನಂಬಿದ್ದ, ಉಳಿದವರೂ ನಂಬಿದ್ದರು, ಹದಿನೇಳು ವರ್ಷದ ಹಿಂದಿನ ಒಂದು ಭಾನುವಾರದವರೆಗೆ.

ಆ ಭಾನುವಾರ ಅವನು ತನ್ನದೇ ಕಾರನ್ನು ತಾನೇ ಓಡಿಸಿದ್ದ. ಹಿಂದಿನ ದಿನ ನಾಜಲ್ಲನ್ನು ಅಳತೆಯ ಲೋಟಕ್ಕೆ ಹಿಡಿದು, ಗಡಿಯಾರ ನೋಡಿ, ಒಂದು ನಿಮಿಷಕ್ಕೆ ಎಷ್ಟು ಬೇಕೋ ಅಷ್ಟೇ ಸೀಸಿ ನೀರು ಬೀಳುವುದನ್ನು ಎರಡು ಸಲ ನೋಡಿದ್ದ. ಪಟ್ಟಿಯ ಮುಕ್ಕಾಲು ದೂರದಲ್ಲಿ ಎಂಜಿನ್ನು ಸಿಡಿದು, ಎಣ್ಣೆ ಹಿಂಚಕ್ರದ ಕೆಳಗೆ ಬಿದ್ದು, ಕಾರು ತಿರುಗಿ ಗೋಡೆಗೆ ಅಪ್ಪಳಿಸಿತು. ಎಡ ಭುಜ ಅಂದು ಮುರಿದದ್ದು, ಆ ಕೈ ಈಗಲೂ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಯೋಚಿಸಿದ್ದು ಇಷ್ಟೇ: ಲೋಟದಲ್ಲಿ ಸರಿಯಿದ್ದ ನೀರು ಕಾರಿನಲ್ಲಿ ಕಡಿಮೆಯಾಗಿದೆ ಎಂದರೆ ನಡುವೆ ಯಾರೋ ನಾಜಲ್ಲು ಬದಲಿಸಿದ್ದಾರೆ, ಅದನ್ನು ಮುಟ್ಟಬಲ್ಲವನು, ತನ್ನ ಹೆಸರಿಗೆ ಕರುಬಬಲ್ಲವನು ಒಬ್ಬನೇ. ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಕ್ಷೌರದಂಗಡಿಯಲ್ಲಿ, ಬೇಕರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಅದನ್ನು ಹೇಳಿದ. ಹೆನಾರೊ ಮನೆಗೆ ಬಂದು ಜಗಳವಾಡಲಿಲ್ಲ. ಮುಂದಿನ ಪಂದ್ಯದ ದಿನ ಮೈಕು ಹಿಡಿದವನ ಕೈಯಿಂದ ಅದನ್ನು ಕಿತ್ತುಕೊಂಡು, ಒಂದು ಲೋಟ ನೀರು ಅಳೆಯೋಕೆ ಬರದೋನು ನನ್ನನ್ನ ಕಳ್ಳ ಅಂತಿದಾನೆ ಕೇಳಿ ಅಂದ. ಇಡೀ ಮೈದಾನ ನಕ್ಕಿತು. ಅಂದಿನಿಂದ ನಿಕಾಸಿಯೊನ ಹೆಸರು ಆಗ್ವಿತಾ, ಅಂದರೆ ಚೂರು ನೀರು. ಹೆನಾರೊನಿಗೂ ಆಮೇಲೆ ಒಳ್ಳೆಯದೇನೂ ಆಗಲಿಲ್ಲ. ನಾಜಲ್ಲು ಬದಲಿಸುವವನ ಕೈಗೆ ಎಂಜಿನ್ನು ಯಾರು ಕೊಡುತ್ತಾರೆ? ಎರಡು ವರ್ಷದಲ್ಲಿ ಗ್ಯಾರೇಜು ಮುಚ್ಚಿ ಅವನು ಪುರಸಭೆಯ ಬಸ್ಸುಗಳ ಕೆಳಗೆ ಮಲಗುವ ಕೆಲಸಕ್ಕೆ ಸೇರಿದ. ಆ ಸುದ್ದಿಯೂ ನಿಕಾಸಿಯೊನಿಗೆ ಸಿಹಿಯಾಗಿಯೇ ಇತ್ತು. ಆದರೆ ಸಾಲಲಿಲ್ಲ.

ಈಗ ಯಾರೆಲಿಸ್ ಕೇಳಿದ್ದಕ್ಕೆಲ್ಲ ಚುರುಕಾಗಿ ಉತ್ತರ ಕೊಡುತ್ತಿದ್ದಳು. ಪೂರ್ತಿ ಒತ್ತಿದಾಗ ನಿಮಿಷಕ್ಕೆ ಪೆಟ್ರೋಲೆಷ್ಟು? ಮೂರೂವರೆ ಲೀಟರಿಗೆ ಸ್ವಲ್ಪ ಮೇಲೆ. ಪಂಪು? ನೂರೈವತ್ತು ಪೌಂಡಿನದು. ಹಾಗಾದರೆ ಪೆಟ್ರೋಲಿನ ಆರನೇ ಒಂದು ಪಾಲು ನೀರು, ಆರು ನೂರು ಸೀಸಿ ಎಂದು ಅವನು ಮನಸ್ಸಿನಲ್ಲೇ ಹಾಕಿ ಮುಗಿಸಿದ. ಗೋಡೆಯ ಮರದ ಡ್ರಾಯರಿನಿಂದ ಅದಕ್ಕೆ ತಕ್ಕ ನಾಜಲ್ಲು ತೆಗೆದು ಪಂಪಿಗೆ ಸಿಕ್ಕಿಸಿ ಅವಳ ಕೈಗೇ ಲೋಟ ಕೊಟ್ಟ. ಒಂದು ನಿಮಿಷ. ಆರು ನೂರರ ಗೆರೆಯ ಮೇಲೆ ನೀರು ಬಂದು ನಿಂತಿತು. ಅವಳು ಲೋಟವನ್ನು ಬೆಳಕಿಗೆ ಹಿಡಿದು ನಕ್ಕಳು, ನಕ್ಕಾಗ ಕೆನ್ನೆಯಲ್ಲಿ ಹೆನಾರೊ ಕಂಡ. ಅವಳು ತಂದೆಗೆ ನೀರಿನ ಬಾಟಲಿ ಕೊಟ್ಟು ಬರುತ್ತೇನೆಂದು ಪಿಕಪ್ಪಿನ ಕಡೆ ಹೋದಳು. ನಿಕಾಸಿಯೊನ ಕೈ ಕೆಳಗಿನ ಸಾಲಿನ ಡ್ರಾಯರನ್ನು ಎಳೆಯಿತು. ನಾನೂರರ ನಾಜಲ್ಲು. ನೋಡಲು ಎರಡೂ ಒಂದೇ. ಮೈಮೇಲೆ ಕೆತ್ತಿದ ಅಂಕಿ ಇರುವೆಯ ತಲೆಯಷ್ಟು. ಆರು ನೂರರದು ಜೇಬಿಗೆ, ನಾನೂರರದು ಅಂಗೈಗೆ, ಡ್ರಾಯರು ಒಳಕ್ಕೆ. ಕೈ ಎಲ್ಲಿಯೂ ತಡವರಿಸಲಿಲ್ಲ. ಹದಿನೇಳು ವರ್ಷ ಹೆನಾರೊ ಇದನ್ನು ಹೇಗೆ ಮಾಡಿರಬೇಕೆಂದು ನೂರಾರು ಸಲ ಕಣ್ಣ ಮುಂದೆ ತಂದುಕೊಂಡಿದ್ದನಲ್ಲ, ಎಲ್ಲಿ ನಿಂತ, ಯಾವ ಜೇಬು, ಯಾವ ಬೆರಳು. ಆ ಅಭ್ಯಾಸ ಈಗ ಕೆಲಸಕ್ಕೆ ಬಂತು.

ಅವಳು ತಿರುಗಿ ಬರುವಷ್ಟರಲ್ಲಿ ಅವನು ನಾಜಲ್ಲನ್ನು ಗಾಳಿಯ ಕೊಳವೆಗೆ ಸ್ಪ್ಯಾನರಿನಿಂದ ಬಿಗಿಯುತ್ತಿದ್ದ. ಒಡೆಯುವುದು ಎಂಜಿನ್ನು ಮಾತ್ರ ಎಂದು ಹೇಳಿಕೊಂಡ. ಮೈಕಿನವನು ಹೆನಾರೊನ ಹೆಸರು ಹೇಳುತ್ತಾನೆ, ಕಿತ್ತಳೆ ಕಾರು ಹೊಗೆಯುಗುಳುತ್ತ ನಿಲ್ಲುತ್ತದೆ, ಮೈದಾನ ನಗುತ್ತದೆ. ನಗುವನ್ನು ಕೇಳುವಷ್ಟು ಕಿವಿ ಹೆನಾರೊನಿಗೆ ಇನ್ನೂ ಇದೆ. ಯಾರೆಲಿಸ್ ಪಕ್ಕದಲ್ಲಿ ಬಗ್ಗಿ ನೋಡುತ್ತ ನಿಂತಿದ್ದಳು. ಅವಳ ತಲೆಗೂದಲಿಗೆ ಪೆಟ್ರೋಲಿನ ವಾಸನೆಯಿತ್ತು.

"ಪದ್ರೀನೊ, ಒಂದು ಕೇಳ್ಲಾ? ಲೋಟಕ್ಕೆ ಬಿದ್ದಷ್ಟು ಇಲ್ಲಿ ಒಳಗೆ ಬೀಳಲ್ಲ ಅಲ್ವಾ? ಟರ್ಬೊ ಗಾಳಿ ಎದುರಿಂದ ತಳ್ತಿರುತ್ತೆ. ಪಂಪು ನೂರೈವತ್ತು ಅಂದ್ರೂ ಮೂವತ್ತು ಅದಕ್ಕೇ ಹೋಯ್ತು. ಅದನ್ನ ಕಳ್ದೇ ಹೇಳಿದ್ರಾ ಆರು ನೂರು?"

"ಕಳ್ದೇ ಹೇಳಿದ್ದು," ಅಂದ ನಿಕಾಸಿಯೊ. "ನೀನು ಹುಟ್ಟೋಕೆ ಮುಂಚೆಯಿಂದ ನೀರು ಅಳೀತಿದೀನಿ."

ಅವಳು ನಾಚಿಕೊಂಡು ಕ್ಷಮಿಸಿ ಅಂದಳು. ಕೆಲಸಕ್ಕೆ ಏನು ಕೊಡಬೇಕೆಂದು ಕೇಳಿದಾಗ ಮಗಳ ಹತ್ತಿರ ಏನು ತಗೊಳ್ಳೋದು ಎಂದು ಕೈಯಾಡಿಸಿಬಿಟ್ಟ. ಪಿಕಪ್ಪು ಹಿಂದಕ್ಕೆ ತಿರುಗುವಾಗ ಹೆನಾರೊನ ಮುಖ ಮೊದಲ ಸಲ ಇವನ ಕಡೆ ಹೊರಳಿತು. ಅದರಲ್ಲಿ ಕೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಅವನು ನಿಕಾಸಿಯೊನನ್ನಲ್ಲ, ಅವನ ಹಿಂದಿನ ಡ್ರಾಯರುಗಳ ಗೋಡೆಯನ್ನು ನೋಡುತ್ತಿದ್ದ. ಆ ಡ್ರಾಯರುಗಳನ್ನು ಇಬ್ಬರೂ ಸೇರಿ ಮಾಡಿದ್ದರು. ಯಾವುದರಲ್ಲಿ ಏನಿದೆ ಎಂದು ಅವನಿಗೂ ಗೊತ್ತಿತ್ತು.

ಬೇಕಾದ್ದು ಆಗಿತ್ತು, ನಿಕಾಸಿಯೊ ಖುಷಿಗಾಗಿ ಕಾದ. ರಸ್ತೆಯಾಚೆ ಕರಿದ ಮೀನಿನ ವಡೆ ಮಾರುವವಳ ಹತ್ತಿರ ಎರಡು ತೆಗೆದುಕೊಂಡು ಬಂದು ತಿಂದ, ರುಚಿ ಹತ್ತಲಿಲ್ಲ. ಮಾವಿನ ತೋಟದ ದೋನ್ ಪೆಯೀನ್ ಎಂಬ ಮುದುಕ ಸ್ಪ್ರೇಯರಿಗಾಗಿ ಬಂದು, ಏನಪ್ಪಾ ಆಗ್ವಿತಾ, ಮಷಿನಿಗೆ ಹುಷಾರಾಯ್ತಾ ಅಂದ. ಮುದುಕನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಹೆಸರಿನ ಹಿಂದೆ ಏನಿತ್ತೆಂಬುದನ್ನೂ ಅವನು ಮರೆತಿದ್ದ. ಸ್ಪ್ರೇಯರು ಚಾಲೂ ಮಾಡಿ ತೋರಿಸಿದಾಗ ಅಂಗಳಕ್ಕೆ ನೀರು ಬೀಸಣಿಗೆಯಂತೆ ಹರಡಿತು. ತೋಟದ ಮರವಾಗಲಿ, ಅಂಗಳವಾಗಲಿ, ಲೋಟವಾಗಲಿ ನೀರನ್ನು ಎದುರಿನಿಂದ ತಳ್ಳುವುದಿಲ್ಲ. ಮುದುಕ ಹೋದ ಮೇಲೂ ನಿಕಾಸಿಯೊ ಒದ್ದೆ ಅಂಗಳ ನೋಡುತ್ತ ನಿಂತ. ಕಳ್ದೇ ಹೇಳಿದ್ದು ಎಂದು ಅವಳಿಗೆ ಅಂದಿದ್ದು ಸುಳ್ಳು. ಕಳೆದಿರಲಿಲ್ಲ. ಕಳೆಯಬೇಕೆಂದು ಹೊಳೆದೇ ಇರಲಿಲ್ಲ. ಒಂದು ಹುಡುಗಿ ಕೇಳುವವರೆಗೆ, ಇಷ್ಟು ವರ್ಷದಲ್ಲಿ ಒಂದು ಸಲವೂ.

ಅವನು ಒಂದು ರಟ್ಟಿನ ಡಬ್ಬ ಎಳೆದುಕೊಂಡು ಪೆನ್ಸಿಲಿನಿಂದ ಬರೆಯಲು ಕುಳಿತ. ಬರೆಯಲು ಹೊರಟದ್ದು ಅವಳ ಕಾರಿನ ಲೆಕ್ಕ, ಬರೆದದ್ದು ಬೇರೆ. ಆ ಕಾಲದಲ್ಲಿ ಈಗಿನಂಥ ಪಂಪುಗಳಿರಲಿಲ್ಲ. ದೋಣಿಯಲ್ಲಿ ಕುಡಿಯುವ ನೀರೆತ್ತುವ ಪಂಪೊಂದನ್ನು ಹಾಕಿದ್ದ, ಅರವತ್ತು ಪೌಂಡಿನದು. ಟರ್ಬೊ ಅಂದು ಇಪ್ಪತ್ತೆಂಟಕ್ಕೆ ಏರಿತ್ತು. ಅರವತ್ತರಲ್ಲಿ ಇಪ್ಪತ್ತೆಂಟು ಹೋದರೆ ಮೂವತ್ತೆರಡು. ಒತ್ತಡ ಅಷ್ಟಕ್ಕೆ ಇಳಿದರೆ ನೀರು ಮುಕ್ಕಾಲಿಗಿಂತಲೂ ಚೂರು ಕಡಿಮೆ, ಅದು ಸ್ಪ್ರೇಯರಿನ ಕೆಲಸ ಮಾಡುವ ಯಾರಿಗಾದರೂ ಬಾಯಿಪಾಠ. ಪೆನ್ಸಿಲು ನಿಂತಿತು. ಲೋಟ ಸುಳ್ಳು ಹೇಳಿರಲಿಲ್ಲ. ನಾಜಲ್ಲನ್ನು ಯಾರೂ ಮುಟ್ಟಿರಲಿಲ್ಲ. ಹೆನಾರೊ ಅಂದು ಮೈಕಿನಲ್ಲಿ ಹೇಳಿದ್ದು ಬೈಗುಳ ಅಂದುಕೊಂಡಿದ್ದ. ಅದು ಬರೀ ನಿಜವಾಗಿತ್ತು.

ಪಶ್ಚಾತ್ತಾಪ ಅನ್ನುವುದು ಬರಲಿಲ್ಲ. ಬಂದದ್ದು ಮೊದಲಿಗಿಂತ ದೊಡ್ಡ ಸಿಟ್ಟು. ಗೊತ್ತಿದ್ದವನು ಮನೆಗೆ ಬಂದು ಕಿವಿಯಲ್ಲಿ ಹೇಳಬಹುದಿತ್ತು, ಕೊಂಪಾಯ್ ಇಲ್ಲಿ ತಪ್ಪಿದೀಯ ಎಂದು. ಹೇಳಿದ್ದರೆ ತಾನು ಕೇಳುತ್ತಿದ್ದೆನೇ ಎಂಬ ಇನ್ನೊಂದು ಪ್ರಶ್ನೆ ಅದರ ಬೆನ್ನಿಗೇ ಬಂತು. ಬಂದಿರಲೂಬಹುದು. ಆಸ್ಪತ್ರೆಯಲ್ಲಿ ಎರಡನೇ ದಿನ ಹೆನಾರೊ ಹಾಸಿಗೆಯ ಕಾಲ ಬುಡದಲ್ಲಿ ಟೋಪಿ ಹಿಡಿದು ನಿಂತಿದ್ದು, ಏನೋ ಹೇಳಲು ಬಾಯಿ ತೆರೆದಿದ್ದು, ತಾನು ಗೋಡೆಗೆ ಮುಖ ಮಾಡಿ ನರ್ಸನ್ನು ಕೂಗಿ ಇವನನ್ನ ಹೊರಗೆ ಕಳ್ಸಿ ಅಂದಿದ್ದು ಎಲ್ಲ ನೆನಪಿತ್ತು. ಹೆದರಿಕೊಂಡ ಕಳ್ಳನ ಮುಖ ಎಂದು ಅದನ್ನೇ ಊರೆಲ್ಲ ಸಾಕ್ಷಿಯಾಗಿ ಹೇಳಿಕೊಂಡು ತಿರುಗಿದ್ದ. ಒಬ್ಬನ ಗ್ಯಾರೇಜು ಮುಚ್ಚಿಸಿದ್ದ. ಹದಿನೇಳು ವರ್ಷ ಸೇಡು ತೀರಿಸಿಕೊಳ್ಳುವ ಕನಸು ಕಂಡವನು ಅದನ್ನು ಮೊದಲನೇ ವಾರದಲ್ಲೇ ತೀರಿಸಿಕೊಂಡು ಮುಗಿಸಿದ್ದ, ತಪ್ಪೇ ಮಾಡದವನ ಮೇಲೆ. ರಟ್ಟನ್ನು ಹರಿದು ಎಸೆಯಲು ಎಡಗೈ ಎತ್ತಿದ. ಭುಜ ಅರ್ಧಕ್ಕೇ ನಿಂತಿತು. ಆಗ, ನೋವಿನ ಜೊತೆಗೇ, ಗೋಡೆ ಅವನ ಕಡೆ ಓಡಿ ಬರುತ್ತಿದ್ದ ರೀತಿ ಕಣ್ಣಿಗೆ ಬಂತು, ಸ್ಟೀರಿಂಗ್ ಕೈಯಲ್ಲಿದ್ದರೂ ಯಾವುದಕ್ಕೂ ತಾಗಿಲ್ಲದ ಹಾಗೆ ಹಗುರವಾಗಿ ತಿರುಗಿದ್ದು. ಒಡೆಯುವುದು ಎಂಜಿನ್ನು ಮಾತ್ರ ಎಂದು ಬೆಳಗ್ಗೆ ಹೇಳಿಕೊಂಡವನು ಇದೇ ಭುಜ ಹೊತ್ತುಕೊಂಡೇ ಹೇಳಿಕೊಂಡಿದ್ದ.

ಅವಳ ಲೆಕ್ಕವನ್ನು ಈಗ ಸರಿಯಾಗಿ ಹಾಕಿದ. ಒಳಗೆ ಆರು ನೂರು ಬೀಳಬೇಕಾದರೆ ಲೋಟದಲ್ಲಿ ಆರು ನೂರ ಎಪ್ಪತ್ತು ಬೀಳಬೇಕು. ಬೆಳಗ್ಗೆ ಶುದ್ಧ ಮನಸ್ಸಿನಿಂದ ಕೊಟ್ಟಿದ್ದರೂ ತಪ್ಪನ್ನೇ ಕೊಡುತ್ತಿದ್ದ. ಹಾಗೆಂದು ತಿಳಿದಾಗ ಅವನ ಕಿವಿ ಬಿಸಿಯಾಯಿತು. ನಾಜಲ್ಲು ಆರಿಸಿ, ಲೋಟಕ್ಕೆ ಹಿಡಿದು ನೋಡಿ, ಅಂಗಡಿಯ ಷಟರು ಎಳೆದು ಹೆನಾರೊನ ಮನೆಯಿದ್ದ ಸಾಂತಾ ಇಸಬೆಲ್ ಕಡೆಗೆ ಹೊರಟಾಗ ಮೂರು ಗಂಟೆ ಮೀರಿತ್ತು. ದಾರಿಯುದ್ದಕ್ಕೂ ಸುಳ್ಳುಗಳನ್ನು ಹೊಂದಿಸಿದ. ಇನ್ನೂ ಒಳ್ಳೇದು ಸಿಕ್ತು ಅನ್ನಬಹುದು. ಕೆತ್ತಿದ ಅಂಕಿ ಸರಿ ಕಾಣಲಿಲ್ಲ, ವಯಸ್ಸಾಯಿತು ಅನ್ನಬಹುದು. ಯಾರೆಲಿಸ್ ನಂಬುತ್ತಾಳೆ, ಥ್ಯಾಂಕ್ಸ್ ಕೂಡ ಹೇಳುತ್ತಾಳೆ.

ಪಿಕಪ್ಪು ಮನೆಯ ಮುಂದೆ ಇರಲಿಲ್ಲ. ಕಾರು ತಗಡಿನ ಮಾಡಿನ ಕೆಳಗೆ ನಿಂತಿತ್ತು, ಬಾನೆಟ್ಟು ತೆರೆದೇ ಇತ್ತು. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೆನಾರೊ ಕುಳಿತು, ಎಡಗೈಯಲ್ಲಿ ಸ್ಪ್ಯಾನರು ಹಿಡಿದು ನಾಜಲ್ಲನ್ನು ಬಿಚ್ಚಲು ಒದ್ದಾಡುತ್ತಿದ್ದ. ಎಷ್ಟು ಹೊತ್ತಿನಿಂದಲೋ. ಅಂಗಿ ಬೆನ್ನಿಗೆ ಅಂಟಿತ್ತು, ಕೊಳವೆಯ ಸುತ್ತ ಸ್ಪ್ಯಾನರು ಜಾರಿದ ಗೀರುಗಳು, ಬೆರಳ ಗಂಟಿನಲ್ಲಿ ರಕ್ತ. ತೊಡೆಯ ಮೇಲೆ ಪೇಪರು ಓದುವ ಭೂತಗನ್ನಡಿ ಇತ್ತು. ಹೆಜ್ಜೆಯ ಸದ್ದಿಗೆ ತಲೆಯೆತ್ತಿದ, ಮತ್ತೆ ಕೆಲಸಕ್ಕೆ ತಲೆ ಬಗ್ಗಿಸಿದ. ನಿಕಾಸಿಯೊ ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಸುಳ್ಳೆಲ್ಲ ಗೇಟಿನ ಹತ್ತಿರವೇ ಉಳಿಯಿತು. ಹೋಗಿ ಆ ಕೈಯಿಂದ ಸ್ಪ್ಯಾನರು ತೆಗೆದುಕೊಂಡ. ಹೆನಾರೊ ಬಿಟ್ಟುಕೊಟ್ಟ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ಬಿಗಿದ. ಇಷ್ಟು ಹತ್ತಿರ ಅವರು ಬಂದು ಬಹಳ ಕಾಲವಾಗಿತ್ತು. ಹೆನಾರೊನ ಮೈಯಿಂದ ಔಷಧದ ಮುಲಾಮಿನ ವಾಸನೆ ಬರುತ್ತಿತ್ತು. ಇವನ ಮೇಲೆ ಇನ್ನೂ ತನಗೆ ದ್ವೇಷವಿದೆ ಎಂಬುದು ನಿಕಾಸಿಯೊನಿಗೆ ಸ್ಪಷ್ಟವಾಗಿ ತಿಳಿಯಿತು. ಕಾರಣ ಹೋದರೂ ಅದು ಹೋಗಿರಲಿಲ್ಲ, ಬಾಡಿಗೆ ಮುಗಿದರೂ ಮನೆ ಬಿಡದವನ ಹಾಗೆ ಒಳಗೇ ಕೂತಿತ್ತು.

"ತಪ್ಪು ನಾಜಲ್ಲು ಹಾಕಿದ್ದೆ, ಕೊಂಪಾಯ್," ಅಂದ, ಸ್ಪ್ಯಾನರನ್ನು ನೋಡುತ್ತ.

ಹೆನಾರೊನ ತುಟಿ ಅಲುಗಿತು. ಮಾತು ಎಲ್ಲೋ ಕೆಳಗಿನಿಂದ, ಒಂದೊಂದೇ ಅಕ್ಷರವನ್ನು ಎಳೆದು ತರುವ ಹಾಗೆ ಬಂತು. ಎರಡು ಸಲ ಸೋತು ಮೂರನೇ ಸಲಕ್ಕೆ ಅದು ಮಾತಾಯಿತು.

"ಇವತ್ತಾ?"

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಣ್ಣು ಮಂಜು, ಅಂಕಿ ಸಣ್ಣದು, ಇವತ್ತೊಂದು ದಿನದ ತಪ್ಪು. ನಿಕಾಸಿಯೊ ಬಾನೆಟ್ಟಿನ ಅಂಚು ಹಿಡಿದುಕೊಂಡ.

"ಇವತ್ತೂ," ಅಂದ.

ಹೆನಾರೊ ಅವನನ್ನೇ ನೋಡಿದ. ಕ್ಷಮಿಸಿದವನ ನೋಟವಲ್ಲ ಅದು. ಆಮೇಲೆ ರಕ್ತ ಮೆತ್ತಿದ ಎಡಗೈ ಚಾಚಿ ನಿಕಾಸಿಯೊನ ಮಣಿಕಟ್ಟು ಹಿಡಿದ. ಬಲಗೈಯ ಬಲವೆಲ್ಲ ಸೇರಿ ಎಡಕ್ಕೇ ಬಂದಿತ್ತೋ ಏನೋ, ಮೂಳೆ ನೋಯುವಷ್ಟು ಬಿಗಿಯಾಗಿ. ನಿಕಾಸಿಯೊ ಹೊರಡುತ್ತೇನೆ ಅಂದ, ಅಂಗಡಿ ಹಾಗೇ ಬಿಟ್ಟು ಬಂದಿದ್ದೇನೆ ಅಂದ, ಕೈ ಎಳೆದ. ಹಿಡಿತ ಸಡಿಲವಾಗಲಿಲ್ಲ. ಹೆನಾರೊ ಗಲ್ಲದಿಂದ ರಸ್ತೆಯ ಕಡೆ ತೋರಿಸಿ, "ಅವ್ಳಿಗೆ," ಎಂದ. ಅಷ್ಟು ಸಾಕಿತ್ತು. ಗ್ಯಾರೇಜು ಮುಚ್ಚಿದಾಗ ಎಂಟೊಂಬತ್ತು ವರ್ಷದವಳು, ಅಪ್ಪನನ್ನು ಕಳ್ಳ ಎಂದು ಶಾಲೆಯಲ್ಲಿ ಅನ್ನಿಸಿಕೊಂಡು ಬೆಳೆದವಳು. ಹೆನಾರೊನಿಗೆ ಬೇಕಾದದ್ದು ನಿಕಾಸಿಯೊನ ಸಂಕಟವಲ್ಲ, ಅವಳ ಕಿವಿಗೆ ಬೀಳಬೇಕಾದ ಒಂದು ಮಾತು. ಅದನ್ನು ಹೇಳಲು ಅವನ ಬಾಯಿಗೆ ಶಕ್ತಿಯಿರಲಿಲ್ಲ, ಹೇಳಿದರೂ ಅವನ ಬಾಯಿಂದ ಅದಕ್ಕೆ ಬೆಲೆಯಿರಲಿಲ್ಲ. ಎಳೆದು ಬಿಡಿಸಿಕೊಂಡರೆ ಮುದುಕ ಕುರ್ಚಿಯೊಂದಿಗೇ ಉರುಳುತ್ತಾನೆ. ನಿಕಾಸಿಯೊ ಎಳೆಯುವುದನ್ನು ನಿಲ್ಲಿಸಿದ. ಇಬ್ಬರೂ ಹಾಗೇ ಇದ್ದರು, ಒಬ್ಬ ಕೂತು ಒಬ್ಬ ಬಗ್ಗಿ, ಕಾಲು ಗಂಟೆಯೋ ಅರ್ಧ ಗಂಟೆಯೋ. ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತ ಒಮ್ಮೆ ನೋಡಿ ಒಳಗೆ ಹೋದಳು.

ಬಿಳಿ ಪಿಕಪ್ಪು ಟೈರುಗಳನ್ನು ಹೇರಿಕೊಂಡು ಗೇಟಿನೊಳಗೆ ತಿರುಗಿತು. ಯಾರೆಲಿಸ್ ಎಂಜಿನ್ನು ಆರಿಸಿ ಇಳಿದಳು. ತೆರೆದ ಬಾನೆಟ್ಟು, ಗೀರುಗಳು, ಅಪ್ಪನ ರಕ್ತದ ಕೈ, ಆ ಕೈಯಲ್ಲಿ ಸಿಕ್ಕಿಬಿದ್ದ ಪದ್ರೀನೊ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಹೆನಾರೊನ ಬೆರಳು ಆಗ ಸಡಿಲಾಯಿತು. ಓಡಿಹೋಗಲು ಗೇಟು ತೆರೆದೇ ಇತ್ತು.

"ಕೂತ್ಕೋ ಮಗಳೇ," ಅಂದ ನಿಕಾಸಿಯೊ. "ಆವತ್ತು ನಿಮ್ಮಪ್ಪ ನಾಜಲ್ಲು ಬದಲಿಸಿರ್ಲಿಲ್ಲ."